ಮೇಣದ ಕೈಕಾಲು: ಅಂದಕ್ಕೆ ಮೂರು ನಕ್ಷತ್ರ, ತೂಕಕ್ಕೆ ಐದು

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಂತರ ಸಮಾಧಿಗೆ ಹರಕೆ ಒಪ್ಪಿಸಲು ಹೊರಟವರಿಗೆ ಆಯ್ಕೆ ಬೇಕಾದಷ್ಟಿತ್ತು. ಅದರಲ್ಲಿ ಹೆಚ್ಚು ಓಡುತ್ತಿದ್ದ ಮಾಲು ಮೇಣದ ಅವಯವ. ಹೆರೆಫರ್ಡ್‌ನಲ್ಲಿ, ಅಲ್ಲಿಯೇ ಬಿಷಪ್ ಆಗಿದ್ದ ಥಾಮಸ್ ಕ್ಯಾಂಟಿಲೂಪ್‌ನ ಸಮಾಧಿಯ ಬಳಿ 1307ರಲ್ಲಿ ಪೋಪ್ ನೇಮಿಸಿದ ಮಂಡಳಿ ಹರಕೆಗಳನ್ನು ಎಣಿಸಿತು. ಮನುಷ್ಯರ ಆಕೃತಿ, ಕೈಕಾಲು ಎಲ್ಲ ಸೇರಿ ಬೆಳ್ಳಿಯವು 129, ಮೇಣದವು 1,424. ಹರಕೆಯ ಪುಟ್ಟ ಹಡಗುಗಳ ಲೆಕ್ಕ ಮಾತ್ರ ಉಲ್ಟಾ: ಬೆಳ್ಳಿಯವು 170, ಮೇಣದವು ಬರೀ 41. ಬಿರುಗಾಳಿಗೆ ಸಿಕ್ಕಿ ಬದುಕಿದ ಹಡಗಿನವರು ಜಿಪುಣತನ ಮಾಡಿಲ್ಲ.

ಈ ಮಾಲು ಹೇಗಿತ್ತೆಂದು ನೋಡಲು ಎಕ್ಸೆಟರ್ ಇದೆ. 1942ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಕೆಥೆಡ್ರಲ್‌ಗೆ ಪೆಟ್ಟು ಬಿತ್ತು. ಮರುವರ್ಷ ರಿಪೇರಿ ಮಾಡುವಾಗ, 1455ರಲ್ಲಿ ತೀರಿಕೊಂಡ ಬಿಷಪ್ ಎಡ್ಮಂಡ್ ಲೇಸಿಯ ಸಮಾಧಿಯ ಮೇಲಿನ ಕಲ್ಲಿನ ತಡಿಕೆಯ ನೆತ್ತಿಯಲ್ಲಿ ಮೇಣದ ಚೂರುಗಳು ಸಿಕ್ಕವು: ಬೆರಳು, ಪಾದ, ಪ್ರಾಣಿಗಳ ಕಾಲು, ಜೊತೆಗೆ ಸುಮಾರು 20 ಸೆಂಟಿಮೀಟರ್ ಎತ್ತರದ ಇಡೀ ಹೆಂಗಸಿನ ಬೊಂಬೆ. ಅಚ್ಚಿನ ಕೆಲಸವಾದ್ದರಿಂದ ಅದರಲ್ಲಿ ಹರಕೆ ಹೊತ್ತವಳ ಚಹರೆ ಹುಡುಕಬಾರದು. ಅಂದಕ್ಕೆ ಎರಡು ನಕ್ಷತ್ರ ಕಳೆದದ್ದು ಇದಕ್ಕೇ.

ಎರಕದಲ್ಲಿ ಕೆಡುವುದು ಎಲ್ಲಿ? ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆರುತ್ತಾ ಕುಗ್ಗುತ್ತದೆ. ತೀರಾ ಬಿಸಿ ಇರುವಾಗ ಹೊಯ್ದರೆ ತೊಡೆಯಂಥ ದಪ್ಪ ಜಾಗ ಒಳಕ್ಕೆ ಕುಸಿದು ಗುಳಿ ಬೀಳುತ್ತದೆ. ಆರಿದ್ದನ್ನು ಹೊಯ್ದರೆ ಬೆರಳ ತುದಿಗೆ ಮೇಣ ತಲುಪುವುದೇ ಇಲ್ಲ. ಗಚ್ಚಿನ ಅಚ್ಚನ್ನು ಮೊದಲು ನೀರು ಕುಡಿಸದಿದ್ದರೆ ಮೇಣ ಕಚ್ಚಿಕೊಳ್ಳುತ್ತದೆ. ತೂಗುಹಾಕುವ ದಾರವನ್ನು ಮೇಣ ಮೆತ್ತಗಿರುವಾಗಲೇ ಕೂರಿಸಬೇಕು. ಆಮೇಲೆ ತೂತು ಕೊರೆಯಲು ಹೋದರೆ ಅಲ್ಲಿಂದಲೇ ಸೀಳು.

ಅಚ್ಚಿನ ಮುಖ ಬೇಡ, ಹರಕೆ ರೋಗಿಯದೇ ಅನ್ನಿಸಬೇಕು ಎನ್ನುವವರಿಗೆ ಅಳತೆಯ ಬತ್ತಿಯೇ ವಾಸಿ. ರೋಗಿಯ ಉದ್ದಕ್ಕೆ, ಕೆಲವೊಮ್ಮೆ ಸುತ್ತಳತೆಗೂ, ದಾರ ಹಿಡಿದು ಕತ್ತರಿಸಿ ಅದನ್ನೇ ಬತ್ತಿಯಾಗಿಸಿ ಮೇಣ ಹತ್ತಿಸುವುದು. ಆಳೆತ್ತರದ ಬತ್ತಿಯನ್ನು ನೆಟ್ಟಗೆ ಒಯ್ಯುವುದು ಕಷ್ಟ, ಸುರುಳಿ ಸುತ್ತಬೇಕು. ಬೆಚ್ಚಗಿರುವಾಗಲೇ ಸುತ್ತಬೇಕು, ತಣ್ಣಗಾದರೆ ಮುರಿಯುತ್ತದೆ. ಅಚ್ಚು ಬೇಡ, ಕುಶಲಕರ್ಮಿ ಬೇಡ, ಅಳತೆ ಮಾತ್ರ ರೋಗಿಯದೇ. ಅದೂ ಆಗದವರು ಸಂತನ ಹೆಸರು ಹೇಳಿ ರೋಗಿಯ ಮೇಲೆ ಬೆಳ್ಳಿಯ ಪೆನ್ನಿ ನಾಣ್ಯ ಹಿಡಿದು ಬಾಗಿಸುತ್ತಿದ್ದರು. ಬಾಗಿದ ಪೆನ್ನಿ ಸಂತನ ಪಾಲು, ಇನ್ನು ಸಂತೆಗೆ ಹೋಗುವಂತಿಲ್ಲ.

ಬಾಳಿಕೆಯ ಬಗ್ಗೆ ದೂರುವುದು ಸರಿಯಲ್ಲ. ಜೇನುಮೇಣ ದುಬಾರಿ ಸರಕು. ತೂಗಿಬಿಟ್ಟ ಕಾಲನ್ನು ಇಳಿಸಿ ಕರಗಿಸಿದರೆ ಚರ್ಚಿಗೆ ದೀಪದ ಮೇಣವಾಗುತ್ತಿತ್ತು, ಅಂದರೆ ತೂಕದಷ್ಟೂ ಸಲ್ಲುತ್ತಿತ್ತು. ಐದು ನಕ್ಷತ್ರ ಅದಕ್ಕೆ. 1538ರಲ್ಲಿ ಎಂಟನೇ ಹೆನ್ರಿಯ ಸರಕಾರ ಯಾತ್ರೆ, ವಿಗ್ರಹದ ಮುಂದಿನ ಮೇಣದ ಕಾಣಿಕೆ ಎರಡನ್ನೂ ಖಂಡಿಸಿ ಆಜ್ಞೆ ಹೊರಡಿಸಿತು. ಎಕ್ಸೆಟರ್‌ನ ಚೂರುಗಳು ಮಾತ್ರ ತಡಿಕೆಯ ಮೇಲೆ, ಯಾರ ಕಣ್ಣಿಗೂ ಬೀಳದೆ, ದೀಪವೂ ಆಗದೆ ಕೂತಿದ್ದವು.