ಚೆಕ್ ಎಂಜಿನ್ ಲೈಟ್ ಪದೇಪದೇ ಬರ್ತಿದ್ಯಾ? ಕೋಡ್ ಅಳಿಸೋಕೆ ಬಿಡಬೇಡಿ

ಚೆಕ್ ಎಂಜಿನ್ ಲೈಟ್ ಬಂತೆಂದು ಗ್ಯಾರೇಜಿಗೆ ಹೋದರೆ, ಸ್ಕ್ಯಾನರ್ ಸಿಕ್ಕಿಸಿ ಎರಡು ಬಟನ್ ಒತ್ತಿ, ಗಾಡಿಯ ಕಂಪ್ಯೂಟರ್ ಉಳಿಸಿಕೊಂಡ ದೋಷದ ಕೋಡ್ ಅಳಿಸಿ, "ಆಯ್ತು ಸಾರ್, ಲೈಟ್ ಹೋಯ್ತು, ತಗೊಂಡ್ಹೋಗಿ" ಅನ್ನುವವರು ಸಿಗುತ್ತಾರೆ. ಅಂಥವರ ಕೈಗೆ ಡೀಸೆಲ್ ವ್ಯಾನ್ ಕೊಡುವ ಮುಂಚೆ ದಯವಿಟ್ಟು ಇದನ್ನೊಮ್ಮೆ ಓದಿ. ನನ್ನ ಗಾಡಿ ತಿಂಗಳುಗಟ್ಟಲೆ ಇದೇ ಗೋಳಿನಲ್ಲಿತ್ತು. ಬೇಡದ ಬಿಡಿಭಾಗಕ್ಕೆ ದುಡ್ಡು ಹೋಯಿತು, ಅದು ಸಾಲದೆಂದು ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಕಟ್ಟಿಕೊಂಡಿತು, ಎಂಜಿನ್ ಆಯಿಲ್ ಕೆಟ್ಟಿತು. ಇಷ್ಟಕ್ಕೆಲ್ಲ ಕಾರಣ ಸೀಳು ಬಿಟ್ಟ ಒಂದು ರಬ್ಬರ್ ಹೋಸ್.

ಖಾಲಿ ಇದ್ದಾಗ, ಸಮತಟ್ಟು ರಸ್ತೆಯಲ್ಲಿ ವ್ಯಾನ್ ಚೆನ್ನಾಗೇ ಓಡುತ್ತಿತ್ತು. ಲೋಡ್ ಹಾಕಿಕೊಂಡು ಏರು ಹತ್ತುವಾಗ ಮಾತ್ರ ಪಿಕಪ್ ಬಿದ್ದುಹೋಗಿ, ಹಿಂದೆ ಕಪ್ಪು ಹೊಗೆ ಎದ್ದು, ಹಳದಿ ಲೈಟ್ ಹತ್ತಿ ಗಾಡಿ ಲಿಂಪ್ ಮೋಡಿಗೆ, ಅಂದರೆ ಎಂಜಿನ್ ಕಾಪಾಡಲು ಪವರ್ ಕಡಿಮೆ ಮಾಡಿಕೊಳ್ಳುವ ಸ್ಥಿತಿಗೆ, ಹೋಗುತ್ತಿತ್ತು. ಇದನ್ನೆಲ್ಲ ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಡ್ ನಂಬರ್ ಕೇಳಿದರೆ "ಇಜಿಆರ್ ಪ್ರಾಬ್ಲಮ್ ಸಾರ್" (ಇಜಿಆರ್ ಅಂದರೆ ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ನಿಗೆ ವಾಪಸ್ ಕಳಿಸುವ ವ್ಯವಸ್ಥೆ) ಅಂದರೇ ಹೊರತು ನಂಬರ್ ಬರೆದುಕೊಡಲಿಲ್ಲ. ಅಳಿಸಿ ಕಳಿಸಿದರು, ಲೈಟ್ ಮತ್ತೆ ಬಂತು. ಇಜಿಆರ್ ವಾಲ್ವ್ ಬದಲಾಯಿಸಿದರು, ಮತ್ತೂ ಬಂತು. ಕೊನೆಗೆ "ಡಿಪಿಎಫ್ ಹೋಗಿದೆ. ಕಿತ್ತುಹಾಕಿ ಇಸಿಯು ಪ್ರೋಗ್ರಾಮ್ ಮಾಡಿಬಿಡೋಣ, ಆಮೇಲೆ ಲೈಟೇ ಬರಲ್ಲ" ಅಂದರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ. ಡಿಪಿಎಫ್ ಕಿತ್ತ ಗಾಡಿಯ ಮಸಿ ನೇರ ಜನರ ಶ್ವಾಸಕೋಶಕ್ಕೆ ಹೋಗುತ್ತದೆ, ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ. ಒಪ್ಪದೆ ಗಾಡಿ ವಾಪಸ್ ತಂದೆ.

ಕೋಡ್ ಅಳಿಸುವುದರಿಂದ ಆಗುವ ದೊಡ್ಡ ನಷ್ಟ ಬಹಳ ಜನಕ್ಕೆ ಗೊತ್ತಿಲ್ಲ. ಲೈಟ್ ಹತ್ತಿಸುವಂಥ ದೋಷ ಕಂಡಾಗ ಇಸಿಯು ಕೋಡಿನ ಜೊತೆಗೆ ಆ ಕ್ಷಣದ ಎಂಜಿನ್ ವೇಗ, ಲೋಡ್, ಗಾಡಿಯ ವೇಗ, ಕೂಲಂಟ್ ಬಿಸಿ ಇವನ್ನೆಲ್ಲ ಉಳಿಸಿಕೊಳ್ಳುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಯಾವ ಪರಿಸ್ಥಿತಿಯಲ್ಲಿ ಗಾಡಿ ಕೈಕೊಟ್ಟಿತು ಅನ್ನುವುದಕ್ಕೆ ಇರುವ ಸಾಕ್ಷಿಯೇ ಅದು. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಇನ್ನೊಂದು ವಿಷಯ: ಎಷ್ಟೋ ದೋಷಗಳಿಗೆ ಒಂದರ ಹಿಂದೊಂದು ಎರಡು ಡ್ರೈವ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡಿದರೆ ಒಂದು ಸೈಕಲ್) ತೊಂದರೆ ಕಂಡರೆ ಮಾತ್ರ ಲೈಟ್ ಹತ್ತುತ್ತದೆ. ಹಾಗಾಗಿ ಅಳಿಸಿದ ಮೇಲೆ ಲೈಟ್ ಕೂಡಲೇ ಬರುವುದಿಲ್ಲ, ನಾವು ರಿಪೇರಿ ಆಯಿತೆಂದು ನಂಬಿ ಬಿಲ್ ಕಟ್ಟಿ ಬರುತ್ತೇವೆ.

ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ "ಯಾವಾಗ ಬರುತ್ತೆ?" ಅಂತ. ಕೋಡ್ ಓದಿದರು, ಪಿ0299, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಬೇಕಾದಷ್ಟು ಬರುತ್ತಿಲ್ಲ. ಈ ಕೋಡ್ ನೋಡಿದವರೆಲ್ಲ ಟರ್ಬೊ ಹೋಗಿದೆ ಅಂದುಬಿಡುತ್ತಾರೆ. ಆದರೆ ಕೋಡ್ ಹೇಳುವುದು ಲಕ್ಷಣವನ್ನು ಮಾತ್ರ. ಟರ್ಬೊ, ಅದನ್ನು ಹಿಡಿತದಲ್ಲಿಡುವ ಆಕ್ಚುಯೇಟರ್, ವ್ಯಾಕ್ಯೂಮ್ ಪೈಪ್, ಪ್ರೆಶರ್ ಸೆನ್ಸರ್, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್, ಯಾವುದು ಕೆಟ್ಟರೂ ಇದೇ ನಂಬರ್ ಬರಬಹುದು.

ಅವರು ಲೋಡ್ ಇಳಿಸಲು ಬಿಡಲಿಲ್ಲ. ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕೂತು ಏರಿಗೆ ಹೊಡೆಸಿದರು. ಪರದೆಯಲ್ಲಿ ಎರಡು ಗೆರೆ: ಇಸಿಯು ಕೇಳುವ ಒತ್ತಡ ಒಂದು, ನಿಜಕ್ಕೂ ಸಿಗುವ ಒತ್ತಡ ಇನ್ನೊಂದು. ಸಮತಟ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆಕ್ಸಿಲರೇಟರ್ ಒತ್ತಿ ಏರು ಹಿಡಿದ ತಕ್ಷಣ ಒಂದು ಮೇಲೆ ಹೋಯಿತು, ಇನ್ನೊಂದು ಅರ್ಧದಲ್ಲೇ ನಿಂತಿತು. ವಾಪಸ್ ಬಂದು ಇಂಟರ್‌ಕೂಲರ್ ಹೋಸಿನ ಅಡಿಭಾಗಕ್ಕೆ ಟಾರ್ಚ್ ಹಿಡಿದರು. ಕ್ಲಾಂಪಿನ ಪಕ್ಕ, ಬಾಗಿದ ಕಡೆ, ಆಯಿಲ್ ಜಿನುಗಿ ಧೂಳು ಮೆತ್ತಿ ಕಪ್ಪಗಾಗಿತ್ತು. ಒರೆಸಿ ಹೆಬ್ಬೆರಳಲ್ಲಿ ಒತ್ತಿದಾಗ ಸೀಳು ಬಾಯಿ ಬಿಟ್ಟಿತು, ಬಿಟ್ಟ ಕೂಡಲೇ ಮುಚ್ಚಿಕೊಂಡಿತು. ಐಡಲಿಂಗಿನಲ್ಲಿ ಹೋಸಿನೊಳಗೆ ಹೆಚ್ಚುಕಡಿಮೆ ಒತ್ತಡವೇ ಇರುವುದಿಲ್ಲ. ಮೊದಲಿನ ಗ್ಯಾರೇಜಿನಲ್ಲಿ ಎಂಜಿನ್ ಸುಮ್ಮನೆ ಓಡಿಸಿ ಎಷ್ಟು ನೋಡಿದ್ದರೂ ಇದು ಕಾಣುತ್ತಿರಲಿಲ್ಲ.

ಡಿಪಿಎಫ್ ಕಟ್ಟಿಕೊಂಡದ್ದೂ ಇದರಿಂದಲೇ. ಒಳಬಂದ ಗಾಳಿಯನ್ನು ಏರ್‌ಫ್ಲೋ ಸೆನ್ಸರ್ ಟರ್ಬೊಗಿಂತ ಮುಂಚೆಯೇ ಅಳೆಯುತ್ತದೆ, ಅದನ್ನು ನಂಬಿ ಇಸಿಯು ಡೀಸೆಲ್ ಕೊಡುತ್ತದೆ. ದಾರಿಯಲ್ಲಿ ಗಾಳಿ ಸೋರಿದರೆ ಡೀಸೆಲ್ ಹೆಚ್ಚಾಗಿ ಮಸಿ ಬರುತ್ತದೆ, ಆ ಮಸಿ ಇಜಿಆರ್ ವಾಲ್ವಿಗೂ ಮೆತ್ತುತ್ತದೆ, ಡಿಪಿಎಫ್‌ನಲ್ಲೂ ತುಂಬುತ್ತದೆ. ತುಂಬಿದ ಮಸಿ ಸುಡಲು ಇಸಿಯು ಹೆಚ್ಚುವರಿ ಡೀಸೆಲ್ ಬಿಟ್ಟು ಒಳಗಿನ ಬಿಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತದೆ. ಇದೇ ರೀಜನರೇಶನ್. ಅದು ಮತ್ತೆ ಮತ್ತೆ ನಡೆದರೆ, ಇಲ್ಲವೇ ಅರ್ಧಕ್ಕೇ ನಿಂತರೆ, ಸುಡದ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಇಳಿದು ಆಯಿಲ್‌ಗೆ ಸೇರುತ್ತದೆ. ನನ್ನ ಗಾಡಿಯಲ್ಲಿ ಹೊಸ ಹೋಸ್ ಹಾಕಿದ ಮೇಲೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ, ಸ್ಕ್ಯಾನರಿನಿಂದ ರೀಜನರೇಶನ್ ಮಾಡಿಸಬೇಕಾಯಿತು. "ಹೋಗಿದೆ" ಅಂದಿದ್ದ ಅದೇ ಡಿಪಿಎಫ್ ಈಗಲೂ ಕೆಲಸ ಮಾಡುತ್ತಿದೆ.

ಹಾಗಾಗಿ ಕೋಡ್ ನಂಬರ್ ಮತ್ತು ಫ್ರೀಜ್ ಫ್ರೇಮ್ ಎರಡರ ಫೋಟೋ ತೆಗೆದುಕೊಳ್ಳದೆ ಅಳಿಸಲು ಒಪ್ಪಬೇಡಿ. ಪಾರ್ಟ್ ಬದಲಾಯಿಸಬೇಕು ಅಂದರೆ, ಅದು ಕೆಟ್ಟಿದೆ ಅಂತ ಯಾವ ಟೆಸ್ಟಿನಿಂದ ಗೊತ್ತಾಯಿತು ಎಂದು ಕೇಳಿ. ಡಿಪಿಎಫ್ ಮೇಲೆ ಅನುಮಾನವಿದ್ದರೆ ಎಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟು ಅದರ ಡಿಫರೆನ್ಷಿಯಲ್ ಪ್ರೆಶರ್ (ಫಿಲ್ಟರಿನ ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸ) ತೋರಿಸಲು ಹೇಳಿ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇಲ್ಲದಿದ್ದರೆ ಫಿಲ್ಟರ್ ಬೈಯುವ ಮುಂಚೆ ಸೆನ್ಸರ್, ವೈರಿಂಗ್ ನೋಡಲಿ. ಬದಲಾಯಿಸಿದ ಹಳೆ ಪಾರ್ಟ್ ಕೇಳಿ ಪಡೆಯಿರಿ. ನನಗೆ ಹಳೆ ಇಜಿಆರ್ ವಾಲ್ವ್ ಕೊನೆಗೂ ಕೊಡಲಿಲ್ಲ.

ಲೈಟ್ ಬರುತ್ತಿರುವ ಗಾಡಿಯಿದ್ದವರು ಇವತ್ತೇ ಸಮತಟ್ಟಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಬರುತ್ತಿದ್ದರೆ ಸ್ಟಾರ್ಟ್ ಮಾಡಬೇಡಿ. ಹೆಚ್ಚಾದ ಆಯಿಲ್ ಇನ್‌ಟೇಕಿಗೆ ಎಳೆದುಕೊಂಡರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ಅಂಕೆ ಮೀರಿ ಓಡಬಹುದು, ಆಗ ಕೀ ತಿರುಗಿಸಿದರೂ ಆಫ್ ಆಗುವುದಿಲ್ಲ. ಟೋ ಮಾಡಿಸಿಯೇ ಗ್ಯಾರೇಜಿಗೆ ಕಳಿಸಿ.