ಎಸ್‌ಪಿ ರೋಡ್‌ನ ಸೆಕೆಂಡ್ ಹ್ಯಾಂಡ್ ಪಿಸಿ, ಮೂರು ವರ್ಷ ಬಳಸಿದ್ಮೇಲೆ

ಈ ಪಿಸಿ 2022ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಪಾರ್ಟ್ಸ್ ಸಂತೆ ಎಸ್‌ಪಿ ರೋಡ್‌ನಲ್ಲಿ ಒಂದು ಚಿಕ್ಕ ಅಂಗಡೀಲಿ ತಗೊಂಡಿದ್ದು. ರೈಜೆನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 8 ಜಿಬಿದು ಎರಡು ರ್‍ಯಾಮ್ (ಓಡ್ತಿರೋ ಗೇಮ್‌ನ ಡೇಟಾ ಇಟ್ಕೊಳ್ಳೋ ಮೆಮೊರಿ ಕಡ್ಡಿ), ಡಿಡಿಆರ್4 3200. ಬಿಲ್ ಕೇಳಿದ್ರೆ "ಸೆಕೆಂಡ್ಸ್‌ಗೆಲ್ಲ ಬಿಲ್ ಎಲ್ಲಿ ಸರ್" ಅಂದ, ನಾನೂ ತಲೆ ಆಡಿಸ್ಕೊಂಡು ಬಂದೆ. ಅಲ್ಲೇ ಎಡವಿದ್ದು.

ಮೊದಲ ವರ್ಷ ಆರಾಮ. ಕ್ರಿಕೆಟ್, ಫುಟ್‌ಬಾಲ್ ಗೇಮ್ ಎಲ್ಲ ಬೆಣ್ಣೆ ಥರ ಓಡ್ತಿತ್ತು. ಆಮೇಲೆ ಒಂದು ದೊಡ್ಡ ಓಪನ್ ವರ್ಲ್ಡ್ ಗೇಮ್ ಹಾಕ್ದೆ ನೋಡಿ, ಶುರುವಾಯ್ತು ಗ್ರಹಚಾರ. ಇಪ್ಪತ್ತು ನಿಮಿಷ ಆಡಿದ್ರೆ ಒಂದು ಮೆಸೇಜೂ ಇಲ್ದೆ ಸೀದಾ ಡೆಸ್ಕ್‌ಟಾಪ್‌ಗೆ ವಾಪಸ್, ಒಂದಿನ ಹತ್ತೇ ನಿಮಿಷ, ಇನ್ನೊಂದಿನ ಎರಡು ಗಂಟೆ ಏನೂ ಆಗಲ್ಲ, ಇನ್ನೇನು ಸರಿಹೋಯ್ತು ಅನ್ಕೊಂಡು ಚಾ ತರೋಕೆ ಎದ್ದು ಹೋದ್ರೆ ಬರೋಷ್ಟರಲ್ಲಿ ಮತ್ತೆ ಮಕಾಡೆ ಮಲಗಿರೋದು.

ಗೊತ್ತಿರೋರೆಲ್ಲ ಹೇಳಿದ್ದು ಒಂದೇ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು. 90 ಜಿಬಿ ಗೇಮು, ನನ್ನ ನೆಟ್ಟು 40 ಎಂಬಿಪಿಎಸ್, ಅಂದ್ರೆ ಐದು ಗಂಟೆ. ಮೂರು ಸಲ ಮಾಡ್ದೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನೋ ಡ್ರೈವರ್ ಕಿತ್ತು ತೆಗೆಯೋ ಟೂಲ್ ಹಾಕಿ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕ್ದೆ. ಟೆಂಪರೇಚರ್ ನೋಡಿದ್ರೆ 70 ಡಿಗ್ರಿ ದಾಟ್ತಿಲ್ಲ. ಗೇಮ್ ಮಾಡಿದೋರಿಗೆ ಬೈಕೊಂಡು ಬೈಕೊಂಡು ಎರಡು ತಿಂಗಳು ಹೋಯ್ತು, ಪಾಪ ಅವರದ್ದೇನೂ ತಪ್ಪಿರ್ಲಿಲ್ಲ.

ಸುಳಿವು ಸಿಕ್ಕಿದ್ದು ಸ್ಟೀಮ್‌ನಲ್ಲಿ (ಗೇಮ್ ಕೊಂಡು ಹಾಕ್ಕೊಳ್ಳೋ ಆ್ಯಪ್) ಗೇಮ್ ಫೈಲ್‌ಗಳೆಲ್ಲ ಸರಿ ಇದ್ಯಾ ಅಂತ ವೆರಿಫೈ ಮಾಡ್ದಾಗ. ಮೊದಲ್ನೇ ಸಲ ಎರಡು ಫೈಲ್ ಕೆಟ್ಟಿದೆ ಅಂತು, ಸರಿ ಅದನ್ನ ಡೌನ್‌ಲೋಡ್ ಮಾಡ್ಕೊಂಡ್ತು, ತಕ್ಷಣ ಮತ್ತೆ ನೋಡಿದ್ರೆ ಬೇರೆ ಒಂದು ಫೈಲ್, ಮತ್ತೊಂದ್ಸಲಕ್ಕೆ ಮೂರು! ಫೈಲ್ ಮಾತ್ರ ಕೆಟ್ಟಿದ್ರೆ ಹೊಸದಾಗಿ ಡೌನ್‌ಲೋಡ್ ಆದ್ಮೇಲೆ ಸರಿಹೋಗ್ಬೇಕು ತಾನೇ, ಹೀಗೆ ಜಾಗ ಬದಲಾಯಿಸ್ತಿದೆ ಅಂದ್ರೆ ಓದೋ ದಾರೀಲೇ ಏನೋ ಎಡವಟ್ಟಿದೆ. ಅದೇ ವಾರ ನೀಲಿ ಸ್ಕ್ರೀನೂ ಬಂತು, ಮೆಮೊರಿ ಮ್ಯಾನೇಜ್‌ಮೆಂಟ್ ಅಂತ.

ಪೆನ್‌ಡ್ರೈವ್‌ಗೆ ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಹಾಕಿ ರಾತ್ರಿ ಬಿಟ್ಟು ಮಲಗ್ದೆ. ಬೆಳಗ್ಗೆ ನೋಡಿದ್ರೆ ಸ್ಕ್ರೀನ್ ತುಂಬ ಕೆಂಪು ಸಾಲು, ಎಲ್ಲ ಎರರ್. ಬಯೋಸ್‌ನಲ್ಲಿ (ಪಿಸಿ ಆನ್ ಆಗೋವಾಗ ಸಿಗೋ ಮೂಲ ಸೆಟ್ಟಿಂಗ್ಸ್) ಎಕ್ಸ್‌ಎಂಪಿ ಅನ್ನೋ ಮೆಮೊರಿ ಸ್ಪೀಡ್ ಏರಿಸೋ ಸೆಟ್ಟಿಂಗ್ ಆಫ್ ಮಾಡಿ ಸ್ಪೀಡ್ ಇಳಿಸ್ದೆ, ಎರರ್ ಕಮ್ಮಿ ಆಯ್ತೇ ಹೊರತು ಹೋಗ್ಲಿಲ್ಲ. ರ್‍ಯಾಮ್ ಕಿತ್ತು ಚಿನ್ನದ ಬಣ್ಣದ ಹಲ್ಲುಗಳನ್ನ ಮಗಳ ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿದೆ, ನಮ್ಮ ಕಡೆ ಇದು ಎಲ್ಲಾ ಕಾಯಿಲೆಗೂ ಮದ್ದು. ಕೆಲಸ ಆಗ್ಲಿಲ್ಲ. ಕೊನೆಗೆ ಒಂದೇ ಸ್ಲಾಟ್‌ನಲ್ಲಿ ಒಂದೊಂದೇ ರ್‍ಯಾಮ್ ಹಾಕಿ ಟೆಸ್ಟ್ ಮಾಡ್ದಾಗ ಕಳ್ಳ ಸಿಕ್ಕಿಬಿದ್ದ: ಒಂದು ಕ್ಲೀನ್, ಇನ್ನೊಂದರಲ್ಲಿ ಎರರ್ ಮೇಲೆ ಎರರ್. ಚಿಕ್ಕ ಗೇಮ್‌ಗಳು ಆ ಹಾಳಾದ ಜಾಗದವರೆಗೂ ಹೋಗ್ತಾನೇ ಇರ್ಲಿಲ್ವೇನೋ, ಅದಕ್ಕೇ ಒಂದು ವರ್ಷ ಗೊತ್ತಾಗ್ಲಿಲ್ಲ.

ಅಂಗಡಿಗೆ ತಗೊಂಡು ಹೋದ್ರೆ ಅವ್ನಿಗೆ ನನ್ನ ಮುಖಾನೇ ನೆನಪಿಲ್ಲ, ಬಿಲ್ ಎಲ್ಲಿ ಅಂತ ನನ್ನನ್ನೇ ಕೇಳ್ದ. ಹೊಸ ರ್‍ಯಾಮ್ ಜೋಡಿ ತಗೊಂಡು ಎರಡನೇ ಮತ್ತೆ ನಾಲ್ಕನೇ ಸ್ಲಾಟ್‌ಗೆ ಹಾಕ್ದೆ (ಮೊದಲು ಅಂಗಡಿಯವನು ಪಕ್ಕಪಕ್ಕದಲ್ಲೇ ತುರುಕಿದ್ದ, ಎರಡೂ ಕಡ್ಡಿ ಬೇರೆಬೇರೆ ದಾರೀಲಿ ಒಟ್ಟಿಗೆ ಓಡೋ ಡ್ಯುಯಲ್ ಚಾನೆಲ್ಲೇ ಇರ್ಲಿಲ್ಲ). ಫ್ರೇಮ್ ರೇಟೂ ಸ್ವಲ್ಪ ಏರ್ತು, ಅವತ್ತಿಂದ ಒಂದು ಕ್ರ್ಯಾಶ್ ಇಲ್ಲ.

ಪ್ರೊಸೆಸರ್, ಕಾರ್ಡು ಇವತ್ತಿಗೂ ಗಟ್ಟಿ, 1080ಪಿ ಸ್ಕ್ರೀನ್‌ನಲ್ಲಿ ಮೀಡಿಯಂ ಗ್ರಾಫಿಕ್ಸ್‌ಗೆ ಸಾಕು. ಕ್ಯಾಬಿನೆಟ್ ಫ್ಯಾನ್ ಮಾತ್ರ ಮಿಕ್ಸಿ ಥರ ಕೂಗುತ್ತೆ. ಪಿಸಿಗೆ 5ಕ್ಕೆ ಮೂರೂವರೆ, ಅಂಗಡಿಗೆ ಅರ್ಧ.