ಎಕ್ಸ್‌ಫಾಯಿಲ್: ಟನೆಲ್ ಸಿಗದವರಿಗೆ ಪುಕ್ಕಟೆ ಟನೆಲ್

ಗ್ಲೈಡರ್ ಮಾಡೆಲ್ ಕಟ್ಟುವ ಹುಡುಗರು ಬಂದು ಮೊದಲು ಕೇಳುವುದು, "ಸರ್, ವಿಂಡ್ ಟನೆಲ್ ಎಲ್ಲಾದ್ರೂ ಸಿಗುತ್ತಾ?" ಅಂತ. ಫ್ಯಾನಿನಿಂದ ಗಾಳಿ ಹಾಯಿಸಿ ರೆಕ್ಕೆ ಪರೀಕ್ಷಿಸುವ ಸುರಂಗ ಅದು. ಮೊದಲು ಎಕ್ಸ್‌ಫಾಯಿಲ್ ಹಾಕಿಕೊಳ್ಳಿ ಅನ್ನುತ್ತೇನೆ. ಏರ್‌ಫಾಯಿಲ್, ಅಂದರೆ ರೆಕ್ಕೆಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ, ಎಷ್ಟು ಲಿಫ್ಟ್ (ಮೇಲೆತ್ತುವ ಬಲ), ಎಷ್ಟು ಡ್ರ್ಯಾಗ್ (ಹಿಂದೆಳೆಯುವ ಬಲ) ಕೊಡುತ್ತದೆ ಅಂತ ಲೆಕ್ಕ ಹಾಕಲು ಅಮೆರಿಕದ ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದ ಪ್ರೋಗ್ರಾಂ ಇದು. ಪೆಡಲ್ ತುಳಿದು 1988ರಲ್ಲಿ ಕ್ರೀಟ್‌ನಿಂದ ಸ್ಯಾಂಟೊರಿನಿಗೆ ಹಾರಿಸಿದ ಡೀಡಲಸ್ ವಿಮಾನದ ರೆಕ್ಕೆಯ ಏರ್‌ಫಾಯಿಲ್ ಕೂಡ ಅವರದ್ದೇ. ಕಾಸು ಕೊಡಬೇಕಾಗಿಲ್ಲ, ಹಳೇ ಲ್ಯಾಪ್‌ಟಾಪ್ ಸಾಕು.

ನೋಡೋಕೆ ಮಾತ್ರ ಏನೂ ಚಂದ ಇಲ್ಲ. ಬಟನ್ ಇಲ್ಲ, ಎಲ್ಲವನ್ನೂ ಟೈಪ್ ಮಾಡಬೇಕು. ಎರಡು ಸಂಜೆ ಕೂತರೆ ಕೈಗೆ ಹತ್ತುತ್ತದೆ.

ನನಗೆ ಇಷ್ಟವಾಗಿದ್ದು ಅದರೊಳಗಿನ ಎನ್‌ಕ್ರಿಟ್ ಅನ್ನೋ ಒಂದು ಅಂಕಿ. ರೆಕ್ಕೆ ಮೇಲೆ ಗಾಳಿ ಲ್ಯಾಮಿನಾರ್ ಆಗಿ, ಅಂದರೆ ಕದಡದೆ ಪದರಪದರವಾಗಿ, ಎಲ್ಲಿಯವರೆಗೆ ಹರಿಯುತ್ತದೆ ಅನ್ನೋದು ರೆಕ್ಕೆಯ ಆಕಾರ ಒಂದರಿಂದಲೇ ತೀರ್ಮಾನ ಆಗೋದಿಲ್ಲ. ಬರುವ ಗಾಳಿ ಎಷ್ಟು ಶಾಂತ ಅನ್ನೋದೂ ಮುಖ್ಯ, ಅಲ್ವಾ? ಎನ್‌ಕ್ರಿಟ್ ಹೇಳುವುದು ಅದನ್ನೇ: ಅಂಕಿ ದೊಡ್ಡದಾದಷ್ಟೂ ಗಾಳಿ ಶಾಂತ. ಸಾಧಾರಣ ಟನೆಲ್‌ಗೆ 9, ಶುದ್ಧ ಗಾಳಿಯ ಟನೆಲ್‌ಗೆ 10ರಿಂದ 12, ಆಕಾಶದಲ್ಲಿ ಹಾರುವ ಗ್ಲೈಡರ್‌ಗೆ 12ರಿಂದ 14. ಗಲೀಜು ಟನೆಲ್‌ಗೆ 4ರಿಂದ 8. ಜರ್ಮನಿಯ ಸ್ಟುಟ್‌ಗಾರ್ಟ್‌ನ ಲ್ಯಾಮಿನಾರ್ ಟನೆಲ್‌ನಲ್ಲಿ ಗಾಳಿಯ ಏರುಪೇರು ಶೇ. 0.02ರಷ್ಟು. ಅರ್ಧ ಪರ್ಸೆಂಟ್ ಏರುಪೇರಿನ ಕಾಲೇಜು ಟನೆಲ್‌ನಲ್ಲಿ ಲ್ಯಾಮಿನಾರ್ ರೆಕ್ಕೆ ಇಟ್ಟು ಅಳೆದರೆ, ಅಳೆದದ್ದು ರೆಕ್ಕೆಯನ್ನಲ್ಲ, ಫ್ಯಾನನ್ನು.

ಎಸ್‌ಡಿ7037 ಏರ್‌ಫಾಯಿಲ್ ತೆಗೆದುಕೊಳ್ಳಿ, ರೆನಾಲ್ಡ್ಸ್ ಸಂಖ್ಯೆ (ವೇಗ ಮತ್ತು ರೆಕ್ಕೆಯ ಅಗಲ ಸೇರಿಸಿದ ಅಳತೆ) ಒಂದು ಲಕ್ಷ ಕೊಡಿ, ಅಂದರೆ ಸಣ್ಣ ಮಾಡೆಲ್‌ನ ನಿಧಾನ ಹಾರಾಟ. ಒತ್ತಡದ ಗೆರೆ ಮೇಲ್ಮೈಯಲ್ಲಿ ಸ್ವಲ್ಪ ದೂರ ಚಪ್ಪಟೆಯಾಗಿ ಹೋಗಿ ಆಮೇಲೆ ಧಡಕ್ಕನೆ ಬೀಳುತ್ತದೆ. ಆ ಚಪ್ಪಟೆ ಜಾಗವೇ ಬಬಲ್: ಗಾಳಿ ಮೇಲ್ಮೈ ಬಿಟ್ಟು ಎದ್ದು, ಮತ್ತೆ ಬಂದು ಅಂಟಿಕೊಂಡ ಜಾಗ. ಈಗ ಎನ್‌ಕ್ರಿಟ್ 9ರಿಂದ 5ಕ್ಕೆ ಇಳಿಸಿ. ಬಬಲ್ ಕುಗ್ಗಿ ಮುಂದಕ್ಕೆ ಸರಿಯುತ್ತದೆ. ಇಷ್ಟು ಕಡಿಮೆ ವೇಗದಲ್ಲಿ ಕೆಟ್ಟ ಗಾಳಿಯಿಂದ ಡ್ರ್ಯಾಗ್ ಕಡಿಮೆ ಆಗುವುದೂ ಉಂಟು! ಕೆಲವರು ಬೇಕಂತಲೇ ರೆಕ್ಕೆಗೆ ಜಿಗ್‌ಜಾಗ್ ಟೇಪ್ ಅಂಟಿಸುವುದು ಇದಕ್ಕೇ.

ಇನ್ನು ತಕರಾರು. ಸ್ಟಾಲ್ (ಗಾಳಿಗೆ ರೆಕ್ಕೆಯ ಕೋನ ಹೆಚ್ಚಾಗಿ ಲಿಫ್ಟ್ ಕುಸಿಯುವ ಹಂತ) ಹತ್ತಿರ ಇದನ್ನು ನಂಬಬೇಡಿ. ಲಿಫ್ಟ್ ಜಾಸ್ತಿಯೇ ತೋರಿಸುತ್ತದೆ, ಇಲ್ಲಾಂದ್ರೆ ಲೆಕ್ಕ ಕೂಡಲಿಲ್ಲ ಅಂತ ಕೈಚೆಲ್ಲುತ್ತದೆ. ಕೋನವನ್ನು ಅರ್ಧರ್ಧ ಡಿಗ್ರಿ ಏರಿಸುತ್ತಾ ಹೋದರೆ ಸ್ವಲ್ಪ ವಾಸಿ. ಒಳಗೇ ಇರುವುದು ನಾಕಾ (ಅಮೆರಿಕದ ಹಳೇ ವಿಮಾನ ಸಂಶೋಧನಾ ಸಂಸ್ಥೆ) ನಾಲ್ಕು ಮತ್ತು ಐದು ಅಂಕಿಯ ಏರ್‌ಫಾಯಿಲ್ ಮಾತ್ರ. ಎರಡನೇ ಮಹಾಯುದ್ಧದ ಮಸ್ಟಾಂಗ್ ಯುದ್ಧವಿಮಾನದ ಕಾಲದ, ನಾಕಾದ್ದೇ ಲ್ಯಾಮಿನಾರ್ 6-ಸರಣಿ ಬೇಕಿದ್ದರೆ ಇಲಿನಾಯ್ ವಿಶ್ವವಿದ್ಯಾಲಯದ ಸಂಗ್ರಹದಿಂದ ಆಕಾರದ ಬಿಂದುಗಳನ್ನು ಇಳಿಸಿಕೊಳ್ಳಿ. ಬಿಂದುಗಳು ಒರಟಾಗಿದ್ದರೆ ಒತ್ತಡದ ಗೆರೆ ಅಲೆಅಲೆಯಾಗಿ, ಲ್ಯಾಮಿನಾರ್ ಭಾಗ ಸುಮ್ನೆ ಮೊಟಕಾಗುತ್ತದೆ. ಅದೇ ವಿಶ್ವವಿದ್ಯಾಲಯದವರು ಟನೆಲ್‌ನಲ್ಲಿ ಅಳೆದ ಅಂಕಿಗಳೂ ಸಿಗುತ್ತವೆ, ಪಕ್ಕದಲ್ಲಿಟ್ಟು ತಾಳೆ ನೋಡಿ.

ಇದು ಲೆಕ್ಕ ಹಾಕುವುದು ರೆಕ್ಕೆಯ ಒಂದು ಹೋಳನ್ನಷ್ಟೇ. ರೆಕ್ಕೆಯ ತುದಿ, ವಿಮಾನದ ಒಡಲು, ರೆಕ್ಕೆಯ ಮುಂದಿನ ಅಂಚಿಗೆ ಅಂಟಿದ ಸತ್ತ ಹುಳ ಯಾವುದೂ ಅದಕ್ಕೆ ಗೊತ್ತಿಲ್ಲ. ಪೂರ್ತಿ ರೆಕ್ಕೆಯ ಲೆಕ್ಕ ಬೇಕು, ಟೈಪ್ ಮಾಡೋಕೆ ಬೇಜಾರು ಅನ್ನುವವರು ಎಕ್ಸ್‌ಎಫ್‌ಎಲ್‌ಆರ್5 ಹಾಕಿಕೊಳ್ಳಬಹುದು. ಅದೂ ಪುಕ್ಕಟೆ, ಏರ್‌ಫಾಯಿಲ್ ಲೆಕ್ಕಕ್ಕೆ ಅದರೊಳಗೂ ಇದೇ ಎಕ್ಸ್‌ಫಾಯಿಲ್ ಕೂತಿದೆ.